ಓದುಗರ ಪ್ರಶ್ನೆ: ಅಬು ನಿದಾಲ್ ಗುಂಪು ಎಲ್ಲಿ ಹೋಯಿತು?

ಪ್ರಶ್ನೆ: 1986ರಲ್ಲಿ ಮುಂಬೈಯಿಂದ ಹೊರಟ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ಹಿಡಿದಿಟ್ಟವರು ಅಬು ನಿದಾಲ್ ಗುಂಪಿನವರು ಅಂತ ಓದಿದೆ. ಇವರು ಯಾಸಿರ್ ಅರಾಫತ್ ಕಡೆಯವರಾ? ಆಗ ಅಷ್ಟು ಹೆದರಿಸಿದ ಗುಂಪಿನ ಸುದ್ದಿಯೇ ಈಗ ಇಲ್ಲವಲ್ಲ, ಯಾಕೆ?
— ಕಾಲೇಜು ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಅರಾಫತ್ ಕಡೆಯವರಲ್ಲ ಮಗಳೇ. ಪ್ಯಾಲೆಸ್ಟೀನಿನ ನಾಯಕ ಅರಾಫತ್ ಅವರ ಫತಾ ಸಂಘಟನೆ 1974ರಲ್ಲೇ ಈ ಗುಂಪಿನ ನಾಯಕ ಅಬು ನಿದಾಲ್‌ಗೆ ಮರಣದಂಡನೆ ಘೋಷಿಸಿತ್ತು.

ಆ ಸೆಪ್ಟೆಂಬರ್ 5 ನನಗೆ ಚೆನ್ನಾಗಿ ನೆನಪಿದೆ. ಆಗ ಬಜ್ಪೆಯಿಂದ ಗಲ್ಫ್‌ಗೆ ನೇರ ವಿಮಾನ ಇರಲಿಲ್ಲ. ಉಡುಪಿಯಿಂದ ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ, ಅಲ್ಲಿ ಯಾರದ್ದಾದರೂ ರೂಮಿನಲ್ಲಿ ಕಾಯಬೇಕಿತ್ತು. ನಾನು ಅಂಧೇರಿಯಲ್ಲಿ ಸೋದರಮಾವನ ರೂಮಿನಲ್ಲಿದ್ದೆ. ಕುವೈತ್‌ಗೆ ಹೋಗುವ ವಿಮಾನಕ್ಕೆ ಇನ್ನೂ ಎಂಟು ದಿನ ಇತ್ತು. ಪಾಸ್‌ಪೋರ್ಟ್ ಇಡಲಿಕ್ಕೆ ಅಂತ ಅಮ್ಮ ತನ್ನ ಹಳೇ ಸೀರೆಯ ಬಟ್ಟೆಯಿಂದ ಚೀಲ ಹೊಲಿದು ಕೊಟ್ಟಿದ್ದರು. ಅದನ್ನು ಕುತ್ತಿಗೆಗೆ ಹಾಕಿಕೊಂಡೇ ಮಲಗುತ್ತಿದ್ದೆ. ಮರುದಿನ ಊರಿಂದ ಟ್ರಂಕ್ ಕಾಲ್ ಬಂತು. ಅಂಗಡಿಯವರ ಫೋನಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ನೀನು ಹೋಗಲೇಬೇಕಾ?"

ಪಾಸ್‌ಪೋರ್ಟ್ ವಿಷಯ ಯಾಕೆ ಹೇಳಿದೆ ಅಂದರೆ, ಆ ವಿಮಾನದಲ್ಲಿ ಅಪಹರಣಕಾರರು ಮೊದಲು ಕೇಳಿದ್ದೇ ಅದನ್ನು. ಅಮೆರಿಕದವರು ಯಾರು ಅಂತ ಅವರಿಗೆ ಗೊತ್ತಾಗಬೇಕಿತ್ತು. ನೀರಜಾ ಭಾನೋಟ್ ಮತ್ತು ಜೊತೆಯ ಗಗನಸಖಿಯರು ಪಾಸ್‌ಪೋರ್ಟ್ ಒಟ್ಟು ಮಾಡುವಾಗ ಅಮೆರಿಕದವರದ್ದನ್ನು ಸೀಟಿನ ಅಡಿಗೆ ತಳ್ಳಿ ಮುಚ್ಚಿಟ್ಟರು. ಸುಮಾರು 16 ಗಂಟೆ ಹೀಗೇ ಕಳೆಯಿತು. ರಾತ್ರಿ ವಿಮಾನದ ವಿದ್ಯುತ್ ಹೋಗಿ ಕತ್ತಲಾದಾಗ ನಾಲ್ವರು ಅಪಹರಣಕಾರರೂ ಪ್ರಯಾಣಿಕರ ಮಧ್ಯೆ ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ ನೀರಜಾ ಒಬ್ಬಳು. ಅವಳಿಗೆ 23 ತುಂಬಲು ಇನ್ನೆರಡೇ ದಿನ ಇತ್ತು. ನನಗಿಂತ ಒಂದು ವರ್ಷ ದೊಡ್ಡವಳು.

ಈಗ ಅಬು ನಿದಾಲ್ ವಿಷಯ. ನಿಜವಾದ ಹೆಸರು ಸಬ್ರಿ ಅಲ್ ಬನ್ನಾ. ಹುಟ್ಟಿದ್ದು 1937ರಲ್ಲಿ, ಆಗಿನ ಪ್ಯಾಲೆಸ್ಟೀನಿನ ಜಾಫಾ ಪಟ್ಟಣದಲ್ಲಿ. ಅಪ್ಪ ದೊಡ್ಡ ಕಿತ್ತಳೆ ತೋಟಗಳ ಯಜಮಾನ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ತೋಟ, ಮನೆ ಎಲ್ಲ ಬಿಟ್ಟು ಓಡಿ ಗಾಜಾದ ಡೇರೆಗಳಿಗೆ ಬಂದರು. ಆಮೇಲೆ ಈತ ಸೌದಿಗೆ ಹೋಗಿ ಎಲೆಕ್ಟ್ರಿಷಿಯನ್, ಪೇಂಟರ್ ಕೆಲಸ ಮಾಡಿದ. ಅಲ್ಲಿಂದ ಹೊರಹಾಕಿಸಿಕೊಂಡು ಫತಾದಲ್ಲಿ ಬೆಳೆದು, 1970ರಲ್ಲಿ ಅದರ ಪ್ರತಿನಿಧಿಯಾಗಿ ಬಾಗ್ದಾದ್‌ಗೆ ಹೋದ. ಅಲ್ಲಿ ಇರಾಕ್ ಸರ್ಕಾರ ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಅರಾಫತ್ ಇಸ್ರೇಲ್ ಜೊತೆ ಮಾತುಕತೆಯ ಕಡೆಗೆ ವಾಲುತ್ತಿದ್ದ ಸಮಯ ಅದು. ಅದನ್ನು ಒಪ್ಪದೆ ಈತ 1974ರಲ್ಲಿ ಬೇರೆಯಾದ. ಫತಾದವರ ಹಣ, ಶಸ್ತ್ರ, ತರಬೇತಿ ಶಿಬಿರ ಎಲ್ಲವನ್ನೂ ಇರಾಕ್ ಇವನ ಕೈಗೆ ಕೊಟ್ಟಿತು. ಗುಂಪು ಬೆಳೆದದ್ದು ಹೀಗೆ. ಅದರ ಹಿಂದೆ ಇದ್ದದ್ದು ಜನ ಅಲ್ಲ, ಒಂದು ಸರ್ಕಾರದ ಖಜಾನೆ.

ಮುಂದಿನದನ್ನು ಗಮನವಿಟ್ಟು ಓದು. 1982ರ ಜೂನ್ 3ರಂದು ಇವನ ಜನ ಲಂಡನ್ನಿನಲ್ಲಿ ಇಸ್ರೇಲ್ ರಾಯಭಾರಿ ಶ್ಲೋಮೋ ಅರ್ಗೋವ್ ತಲೆಗೆ ಗುಂಡು ಹೊಡೆದರು. ಮೂರೇ ದಿನಕ್ಕೆ ಇಸ್ರೇಲ್ ಸೈನ್ಯ ಲೆಬನಾನ್‌ಗೆ ನುಗ್ಗಿತು. ಅದರಲ್ಲಿ ಪೆಟ್ಟು ತಿಂದು ತನ್ನ ನೆಲೆಯಾಗಿದ್ದ ಬೈರೂತ್ ಬಿಟ್ಟು ಹೋಗಬೇಕಾದದ್ದು ಅರಾಫತ್. ಇರಾನ್ ಯುದ್ಧದಲ್ಲಿ ಅಮೆರಿಕದ ಸಹಾಯ ಬೇಕಾದಾಗ 1983ರಲ್ಲಿ ಸದ್ದಾಂ ಇವನನ್ನು ಹೊರಗೆ ಹಾಕಿದ. ಸಿರಿಯಾ ಕರೆದುಕೊಂಡಿತು. ರೋಮ್, ವಿಯೆನ್ನಾ ವಿಮಾನ ನಿಲ್ದಾಣಗಳಲ್ಲಿ 1985ರ ಡಿಸೆಂಬರ್‌ನಲ್ಲಿ ಟಿಕೆಟ್ ಕೌಂಟರ್ ಎದುರು ನಿಂತವರ ಮೇಲೆ ಗುಂಡು ಹಾರಿಸಿದ್ದೂ ಇವರೇ. ಲೋಕದ ಒತ್ತಡ ಜಾಸ್ತಿಯಾದಾಗ ಸಿರಿಯಾವೂ 1987ರಲ್ಲಿ ಕೈಬಿಟ್ಟಿತು. ಆಮೇಲೆ ಉಳಿದದ್ದು ಗಡಾಫಿಯ ಲಿಬಿಯಾ.

ಲಿಬಿಯಾದಲ್ಲಿ ಗುಂಪು ಒಳಗಿನಿಂದಲೇ ಕೊಳೆಯಿತು. ಅಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದವನು ತನ್ನ ಜೀವನದ ಕಥೆಯನ್ನು ಕೈಯಾರೆ ಬರೆದುಕೊಡಬೇಕು. ಕೆಲವು ದಿನ ಬಿಟ್ಟು ಮತ್ತೆ ಬರೆಯಬೇಕು, ಮತ್ತೆ ಬರೆಯಬೇಕು. ಎಲ್ಲಾದರೂ ಒಂದು ವಿವರ ಹೆಚ್ಚುಕಮ್ಮಿಯಾದರೆ ಗೂಢಚಾರ ಅಂತ ಹೊಡೆದು ವಿಚಾರಿಸುತ್ತಿದ್ದರು. 1987-88ರಲ್ಲಿ ಲಿಬಿಯಾ, ಲೆಬನಾನ್‌ಗಳಲ್ಲಿ ಅಬು ನಿದಾಲ್ ತನ್ನದೇ ಹುಡುಗರನ್ನು ನೂರಾರು ಲೆಕ್ಕದಲ್ಲಿ ಕೊಲ್ಲಿಸಿದ. ಉಳಿದ ದೊಡ್ಡವರು 1989ರಲ್ಲಿ ಬಿಟ್ಟು ಹೊರಗೆ ಬಂದು ಎಲ್ಲ ಬಾಯಿಬಿಟ್ಟರು. 1999ರಲ್ಲಿ ಗಡಾಫಿಗೂ ಬೇಡವಾದ. ಕೊನೆಗೆ 2002ರ ಆಗಸ್ಟ್‌ನಲ್ಲಿ ಬಾಗ್ದಾದ್‌ನಲ್ಲೇ ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡ ಅಂತ ಇರಾಕ್ ಸರ್ಕಾರ ಹೇಳಿತು. ತುಂಬ ಜನ ಅದನ್ನು ನಂಬಲಿಲ್ಲ.

ಕರಾಚಿಯ ಆ ನಾಲ್ವರ ಮುಖ್ಯಸ್ಥ ಜಾಯೆದ್ ಸಫಾರಿನಿಗೆ 2004ರಲ್ಲಿ ಅಮೆರಿಕದ ಕೋರ್ಟು 160 ವರ್ಷದ ಶಿಕ್ಷೆ ಕೊಟ್ಟಿತು.

ಪ್ರಶ್ನೆ: ಸರ್ಕಾರಗಳು ಸಾಕಿದ ಪ್ಯಾಲೆಸ್ಟೀನ್ ಗುಂಪು ಇದೊಂದೇನಾ?
— ಓದುಗರು, ಮಲ್ಪೆ

ಉತ್ತರ: ಅಲ್ಲ. ಸಿರಿಯಾವನ್ನು ಆಳುತ್ತಿದ್ದ ಬಾತ್ ಪಕ್ಷ ಕಟ್ಟಿದ ಸಾಯಿಕಾ ಎಂಬ ಗುಂಪು ಇತ್ತು. ಇರಾಕಿನ ಬಾತ್ ಪಕ್ಷ 1969ರಲ್ಲಿ ಕಟ್ಟಿದ ಅರಬ್ ಲಿಬರೇಶನ್ ಫ್ರಂಟ್ ಇತ್ತು. 1976ರಲ್ಲಿ ಸಿರಿಯಾ ಸೈನ್ಯ ಲೆಬನಾನ್‌ಗೆ ಬಂದಾಗ ಸಾಯಿಕಾ ಅದರ ಜೊತೆ ನಿಂತು ಪ್ಯಾಲೆಸ್ಟೀನಿನವರ ಮೇಲೆಯೇ ಹೋರಾಡಿತು. ತುಂಬ ಹುಡುಗರು ಅಂದೇ ಬಿಟ್ಟುಹೋದರು. ಮತ್ತೆ ಅದು ಮೊದಲಿನಂತಾಗಲಿಲ್ಲ.

ಪ್ರಶ್ನೆ: ಪ್ಯಾಲೆಸ್ಟೀನಿನವರೆಲ್ಲ ಇಂಥವರೇ ಅಂತ ನಮ್ಮ ಅಂಗಡಿ ಜಗಲಿಯಲ್ಲಿ ದಿನಾ ಚರ್ಚೆ. ನೀವು ಕುವೈತ್‌ನಲ್ಲಿ ಇದ್ದವರು. ಏನು ಹೇಳುತ್ತೀರಿ?
— ಓದುಗರು, ಸುರತ್ಕಲ್

ಉತ್ತರ: ಸುಮ್ನೆ ಹಾಗೆ ಹೇಳಬೇಡಿ ಮಾರಾಯ್ರೆ. ಅಬು ನಿದಾಲ್ ಹುಡುಕಿ ಹುಡುಕಿ ಕೊಲ್ಲಿಸಿದ್ದು ಯಾರನ್ನು? ಇಸ್ರೇಲಿನವರ ಜೊತೆ ಮಾತಾಡೋಣ ಅಂದ ಪ್ಯಾಲೆಸ್ಟೀನಿನವರನ್ನು. 1978ರಲ್ಲಿ ಲಂಡನ್ನಿನಲ್ಲಿ ಸಯೀದ್ ಹಮ್ಮಾಮಿ. 1983ರಲ್ಲಿ ಪೋರ್ಚುಗಲ್‌ನಲ್ಲಿ ಇಸ್ಸಾಂ ಸರ್ತಾವಿ, ಅವರು ಹೃದ್ರೋಗದ ಡಾಕ್ಟರು.

ಕುವೈತ್‌ನಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದ ಕಡೆ ಅಕೌಂಟೆಂಟ್ ಒಬ್ಬರು ಜಾಫಾ ಮೂಲದವರು. ಊಟ ಆದ ಮೇಲೆ ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಡುತ್ತಿದ್ದರು. ಸಿಪ್ಪೆ ಎಲ್ಲೂ ತುಂಡಾಗದೆ ಒಂದೇ ಎಳೆಯಾಗಿ ಬರುತ್ತಿತ್ತು. ಅವರ ಮೇಜಿನ ಗಾಜಿನ ಅಡಿಯಲ್ಲಿ ಒಂದು ಫೋಟೋ ಇತ್ತು. ಅಲಿ ಯಾಸೀನ್ ಅಂತ, ಕುವೈತ್‌ನಲ್ಲಿದ್ದ ಪಿ.ಎಲ್.ಒ. (ಅರಾಫತ್ ಮುಂದಾಳುತನದ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಪ್ರತಿನಿಧಿ. 1978ರ ಜೂನ್‌ನಲ್ಲಿ ಅವರನ್ನೂ ಇದೇ ಗುಂಪು ಕೊಂದಿತ್ತು. ಪ್ಯಾನ್ ಆಮ್ ಸುದ್ದಿ ಎತ್ತಿದರೆ ಆ ಮನುಷ್ಯ ತಲೆ ತಗ್ಗಿಸಿ ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು. ಅವರು ಯಾಕೆ ಕೇಳಬೇಕಿತ್ತು ಹೇಳಿ?

1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಅಮ್ಮಾನ್‌ವರೆಗೆ ಬಂದೆವು. ಅಲ್ಲಿಂದ ಏರ್ ಇಂಡಿಯಾ ವಿಮಾನ ನನ್ನನ್ನು ಬೊಂಬಾಯಿಗೆ ತಂದಿತು. ಅವರು ಅಲ್ಲೇ ಉಳಿದರು. ಮುಂದಿನ ಜನವರಿ 14ರಂದು ಟ್ಯೂನಿಸ್‌ನಲ್ಲಿ ಅರಾಫತ್‌ರ ಬಲಗೈಯಂತಿದ್ದ ಅಬು ಇಯಾದ್‌ರನ್ನು ಒಬ್ಬ ಕಾವಲುಗಾರ ಗುಂಡಿಟ್ಟು ಕೊಂದ. ಅವನು ಅಬು ನಿದಾಲ್ ಕಡೆಯವನು. ಫೆಬ್ರವರಿಯಲ್ಲಿ ಉಡುಪಿಯ ನಮ್ಮ ಮನೆಗೆ ಅಮ್ಮಾನ್‌ನಿಂದ ಒಂದು ಪತ್ರ ಬಂತು. ಮನೆಯವರ ಆರೋಗ್ಯ ಎಲ್ಲ ವಿಚಾರಿಸಿ, ಕೊನೆಗೆ ಬರೆದಿದ್ದರು: "ಈ ಸಲವೂ ನಮ್ಮವರನ್ನೇ."