ಹೆಸರು ಹಾಕಬೇಡಿ ಎಂದಿದ್ದೀರಿ

ಓದುಗರ ಪತ್ರ:
ಮಾನ್ಯ ಸಂಪಾದಕರೇ, ನಾನು 14 ವರ್ಷದಿಂದ ನಿಮ್ಮ ಚಂದಾದಾರ. ಈ ತಿಂಗಳು ಪತ್ರಿಕೆಯ ಬೆಲೆಯನ್ನು 20ರಿಂದ 30 ರೂಪಾಯಿಗೆ ಏರಿಸಿದ್ದೀರಿ. ಸುದ್ದಿ ಬೇಕಾದರೆ ಬೆಳಗಿನ ಕಾಫಿ ಮುಗಿಯುವುದರೊಳಗೆ ವಾಟ್ಸಾಪಿನಲ್ಲಿ ಪುಕ್ಕಟೆ ಬರುತ್ತದೆ. ಫೋನ್ ಇದ್ದವರೆಲ್ಲ ಈಗ ಪತ್ರಕರ್ತರೇ. ನೀವು ಮಾತ್ರ ಸಂಚಿಕೆ ಸಂಚಿಕೆಯಲ್ಲೂ ಪತ್ರಿಕಾ ಸ್ವಾತಂತ್ರ್ಯ ಹೋಯಿತು ಎಂದು ಅಳುತ್ತೀರಿ. ಯಾರು ಕಿತ್ತುಕೊಂಡರು ಸ್ವಾಮಿ? ಪತ್ರಿಕೆಯವರು ತಾವೇ ಮಾರಿಕೊಂಡಿದ್ದಾರೆ. ಅಷ್ಟಕ್ಕೂ ಬೆಲೆಗೂ ಸ್ವಾತಂತ್ರ್ಯಕ್ಕೂ ಏನು ಸಂಬಂಧ? ಇನ್ನೊಂದು ವಿಷಯ. ನಮ್ಮೂರಿನ ರಸ್ತೆಗೆ ಎರಡು ಸಲ ಬಿಲ್ ಆಗಿದೆಯಂತೆ. ಡಾಂಬರು ಒಂದು ಸಲವೂ ಬಿದ್ದಿಲ್ಲ. ಇದನ್ನು ಬರೆಯಿರಿ. ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ.
– ಒಬ್ಬ ಓದುಗ, ಬೇಲೂರು ತಾಲ್ಲೂಕು

ಸಂಪಾದಕರ ಉತ್ತರ:
ಮಾನ್ಯರೇ,

ನಿಮ್ಮ ಕಾಗದದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಹೆಸರು ಹಾಕಬೇಡಿ ಎಂದಿದ್ದೀರಿ. ಹಾಕಿಲ್ಲ. ಊರಿನ ಹೆಸರೂ ಇಲ್ಲ. ಕೆರೆ ಮತ್ತು ದೇವಸ್ಥಾನದ ಮಾತು ಬಂದಿದ್ದ ಎರಡು ಸಾಲನ್ನು ನಾನೇ ತೆಗೆದೆ, ಯಾಕೆಂದರೆ ಅದನ್ನು ಓದಿದ್ದರೆ ತಾಲ್ಲೂಕಿನವರಿಗೆ ಯಾವ ಊರು ಅಂತ ಗೊತ್ತಾಗಿಬಿಡುತ್ತಿತ್ತು. ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ.

ಈಗ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫೋನ್ ಇದ್ದವರೆಲ್ಲ ಪತ್ರಕರ್ತರು ಎಂದಿರಿ. ನಿಮ್ಮ ಕೈಯಲ್ಲೂ ಫೋನ್ ಇದೆ. ರಸ್ತೆ ಮನೆಯ ಮುಂದೆಯೇ ಇದೆ. ಒಂದು ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಬಹುದಿತ್ತಲ್ವಾ? ಹಾಕಲಿಲ್ಲ. ಆ ಗ್ರೂಪಿನಲ್ಲಿ ಗುತ್ತಿಗೆದಾರನ ಭಾವಮೈದ ಇರುತ್ತಾನೆ, ಪಂಚಾಯಿತಿ ಮೆಂಬರ್ ಇರುತ್ತಾರೆ, ನಾಳೆ ಪಹಣಿ ತಿದ್ದುಪಡಿಗೋ ಖಾತೆ ಬದಲಾವಣೆಗೋ ನೀವು ಅದೇ ಜನರ ಮುಂದೆ ಹೋಗಿ ನಿಲ್ಲಬೇಕು. ನಿಮಗೆ ಹೆದರಿಕೆ ಆಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆದರಿಕೆ ಆದಾಗ ನಿಮಗೆ ನೆನಪಾಗಿದ್ದು ಪತ್ರಿಕೆ. ಅದು ನನಗೆ ನೀವು ಕೊಟ್ಟ ದೊಡ್ಡ ಮರ್ಯಾದೆ ಅಂತಲೇ ತಿಳಿದಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಫೋನಿನ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಜನರ ಫೋನಿಗೆ ಮೆಸೇಜ್ ಕಳಿಸುತ್ತಾರೆ. ತೋಟದ ಕೆಲಸಕ್ಕೆ ಹೋಗುವವರ ಜೀವ ಉಳಿಸುವ ಸುದ್ದಿ ಅದು. ತಿಂಗಳಿಗೊಮ್ಮೆ ಬರುವ ನಮ್ಮ ಕೈಲಿ ಆ ಕೆಲಸ ಆಗುವುದಿಲ್ಲ. ಬೈಕಿಗೆ ಪ್ರೆಸ್ ಅಂತ ಅಂಟಿಸಿಕೊಂಡು ಕಲ್ಲು ಕ್ವಾರಿಗೂ ಎಸ್ಟೇಟಿಗೂ ಹೋಗಿ ದುಡ್ಡು ಕೇಳುವವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರನ್ನು ನಾನು ಸಮರ್ಥಿಸುವುದಿಲ್ಲ. ಅಷ್ಟು ಒಪ್ಪಿದೆ.

ಇನ್ನು ನಮ್ಮ ಪತ್ರಿಕೆಯ ಕೊನೆಯ ಪುಟ ತೆಗೆಯಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. 14 ವರ್ಷದಲ್ಲಿ ನೀವು ಅದನ್ನು ಓದಿರಲಿಕ್ಕಿಲ್ಲ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಅಂತ ಅದರಲ್ಲಿರುತ್ತದೆ. ಹೀಗೆ ಹೆಸರು ಹಾಕಲೇಬೇಕು ಎನ್ನುವ ಕಾನೂನನ್ನು ಬ್ರಿಟಿಷರು 1867ರಲ್ಲಿ ಮಾಡಿದರು. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂತು. ಮಾರ್ಚ್ ಸಂಚಿಕೆಯಲ್ಲಿ ಫಾರಂ 4 ಅಂತ ಒಂದು ಚೌಕಟ್ಟನ್ನೂ ನೀವು ನೋಡಿರಬಹುದು, ಪತ್ರಿಕೆಯ ಮಾಲೀಕರು ಯಾರು ಅಂತ ಹೇಳುವುದು. ಸರ್ಕಾರಕ್ಕೆ ಬೇಕಾಗಿದ್ದು ಯಾರನ್ನು ಹಿಡಿಯಬೇಕು ಎನ್ನುವ ವಿಳಾಸ. ಆದರೆ ಆ ವಿಳಾಸ ಓದುಗರಿಗೂ ಸಿಕ್ಕಿತು. ನಾನು ಸುಳ್ಳು ಬರೆದರೆ ನೀವು ನಮ್ಮ ಆಫೀಸಿಗೆ ಬಂದು ನನ್ನ ಮುಂದೆ ಕೂತು ಬೈಯಬಹುದು, ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಕೋರ್ಟಿಗೆ ಎಳೆಯಬಹುದು. ವಾಟ್ಸಾಪಿನಲ್ಲಿ ಬರುವ ಪುಕ್ಕಟೆ ಸುದ್ದಿಯ ಕೆಳಗೆ ಯಾರ ಹೆಸರಿದೆ, ಹೇಳಿ.

ಇದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಹಾಸನಕ್ಕೆ 2024ರಲ್ಲಿ ಗೊತ್ತಾಯಿತು. ಯಾವ ಪ್ರಕರಣ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೂ ಮೊದಲು, 2023ರಲ್ಲೇ, 80ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ಬೆಂಗಳೂರಿನ ಕೋರ್ಟಿನಿಂದ ತಡೆಯಾಜ್ಞೆ ಬಂದಿತ್ತು. ತಡೆಯಾಜ್ಞೆ ನಿಜವಾಗಿ ತಟ್ಟುವುದು ಹೆಸರು, ವಿಳಾಸ ಇರುವವರಿಗೆ, ಅಲ್ವಾ? ಮುಂದಿನ ವರ್ಷ ಚುನಾವಣೆಯ ಹೊತ್ತಿಗೆ ವಿಳಾಸವಿಲ್ಲದವರು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೋ ತುಂಬಿದ ಪೆನ್‌ಡ್ರೈವ್‌ಗಳನ್ನು ಊರೆಲ್ಲ ಚೆಲ್ಲಿದರು. ಆ ಹೆಣ್ಣುಮಕ್ಕಳ ಮುಖವನ್ನೂ ಮುಚ್ಚಲಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಗೆ ಹಾಕುವುದು ಅಪರಾಧ ಅಂತ ಕಾನೂನಿದೆ. ಪತ್ರಿಕೆಗೆ ಸೇರಿದ ಮೊದಲ ವಾರವೇ ಹುಡುಗರಿಗೆ ನಾವು ಹೇಳಿಕೊಡುವ ಪಾಠ ಅದು. ಪತ್ರಕರ್ತರಾದ ನಿಮ್ಮ ಫೋನಿನವರು ಆ ವಿಡಿಯೋಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ ಹೋದರು. ನಮ್ಮ ಬೀದಿಯಲ್ಲೇ ಟೀ ಅಂಗಡಿಯ ಮುಂದೆ ನಾಲ್ಕು ಜನ ಒಂದು ಫೋನಿಗೆ ತಲೆ ಕೊಟ್ಟು ನಿಂತಿದ್ದನ್ನು ನಾನು ನೋಡಿದೆ. ಅವರ ಹಿಂದೆಯೇ ಕೆಲಸ ಮುಗಿಸಿ ಬಸ್ಸಿಗೆ ಹೋಗುವ ಹೆಂಗಸರು ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆಯುತ್ತಿದ್ದರು. ಆ ಸಂಜೆಯನ್ನು ಮರೆಯಲು ನನಗೆ ಇನ್ನೂ ಆಗಿಲ್ಲ. ದೂರು ಕೊಡಲು ಮುಂದೆ ಬಂದವರ ಧೈರ್ಯ ದೊಡ್ಡದು. ಅವರ ಗುರುತನ್ನು ಕಾಪಾಡುವುದು ಸುದ್ದಿ ಹೇಳುವವರ ಮೊದಲ ಕೆಲಸವಾಗಿತ್ತು. ನಿಮ್ಮ ಹೆಸರನ್ನು ನಾನು ಡ್ರಾಯರಿನಲ್ಲಿ ಇಟ್ಟ ಹಾಗೆ ಅವರ ಹೆಸರನ್ನೂ ಇಡುವ ಒಬ್ಬರು ಬೇಕಿತ್ತು.

ಯಾರು ಕಿತ್ತುಕೊಂಡರು ಅಂತ ಕೇಳಿದ್ದೀರಿ. ಹಿಂದೆ ಅದು ಕಣ್ಣಿಗೆ ಕಾಣುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ಕಾನೂನು ಬಂತು, ಸರ್ಕಾರದ ಅಪ್ಪಣೆ ಇಲ್ಲದೆ ಪತ್ರಿಕೆ ನಡೆಸುವ ಹಾಗಿಲ್ಲ ಅಂತ. ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಸೆನ್ಸಾರ್ ಅಧಿಕಾರಿ ಒಪ್ಪದೆ ಸುದ್ದಿ ಅಚ್ಚಾಗುತ್ತಿರಲಿಲ್ಲ. ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು.

ತುರ್ತು ಪರಿಸ್ಥಿತಿ ಮುಗಿದು 20 ತಿಂಗಳಿಗೆ, ಅದನ್ನು ಹೇರಿದ್ದ ಅದೇ ಇಂದಿರಾ ಗಾಂಧಿಯವರು ಲೋಕಸಭೆಯ ಉಪಚುನಾವಣೆಗೆ ಚಿಕ್ಕಮಗಳೂರಿಗೆ ಬಂದರು. 1978ರ ನವೆಂಬರ್. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ಎದುರಿಗೆ ವೀರೇಂದ್ರ ಪಾಟೀಲರು. ನಾನಾಗ ಪಿಯುಸಿ ಹುಡುಗ. ಬೇಲೂರಿನಿಂದ ಬಸ್ ಹತ್ತಿ ಹೋಗಿದ್ದೆ, ಸುಮ್ನೆ ಜನ ನೋಡಲು. ದಿಲ್ಲಿಯವರು, ಹೊರದೇಶದವರು, ಕ್ಯಾಮೆರಾ ಹೊತ್ತವರು, ತಂತಿ ಕಚೇರಿಯ ಮುಂದೆ ಸಾಲುಗಟ್ಟಿದವರು, ಅಷ್ಟು ಪತ್ರಕರ್ತರನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಅವರಲ್ಲೊಬ್ಬ ಬಿಳಿಯ, ಪಕ್ಕದಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳಲು ಒಬ್ಬ ಹುಡುಗ. ತೋಟದ ಕೂಲಿಯ ಒಬ್ಬ ಅಜ್ಜಿಯನ್ನು ನಿಲ್ಲಿಸಿ ಯಾರಿಗೆ ಓಟು ಹಾಕುತ್ತೀರಿ ಅಂತ ಕೇಳಿದರು. ಅಜ್ಜಿ ತಿರುಗಿ ಕೇಳಿತು, "ನೀನ್ ಯಾರ ಕಡೆಯವನಪ್ಪಾ?" ಯಾರ ಕಡೆಯೂ ಅಲ್ಲ ಅಂದ ಅವನು. "ಹಂಗಾದ್ರೆ ನಿಂಗೆ ಸಂಬ್ಳ ಯಾರ್ ಕೊಡ್ತಾರೆ?" ಎಂದಿತು ಅಜ್ಜಿ. ಸುತ್ತ ನಿಂತವರು ನಕ್ಕರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ನಾನು ಕೇಳಿದ ಭಾಷಣಗಳಲ್ಲೆಲ್ಲ ಅಷ್ಟು ನೇರವಾದ ಮಾತು ಇನ್ನೊಂದಿಲ್ಲ.

ಯಾಕೆ ಅಂತ ನನ್ನದೇ ಕಥೆ ಹೇಳುತ್ತೇನೆ. 1986ರಿಂದ ಕೆಲವು ವರ್ಷ ನಾನು ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದೆ. ಸುದ್ದಿ ಬರೆದು ಕವರಿಗೆ ಹಾಕಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಸಂಬಳ ಅಂತ ಇರಲಿಲ್ಲ. ಅಚ್ಚಾದ ಸುದ್ದಿಯನ್ನು ಕತ್ತರಿಸಿ ಹಾಳೆಗೆ ಅಂಟಿಸಿ ತಿಂಗಳ ಕೊನೆಗೆ ಕಳಿಸಬೇಕು, ಅವರು ಸ್ಕೇಲ್ ಇಟ್ಟು ಅಳೆದು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಏನೋ ಒಂದಿಷ್ಟು ಕೊಡುತ್ತಿದ್ದರು. ಹೊಟ್ಟೆ ತುಂಬುತ್ತಿದ್ದದ್ದು ಜಾಹೀರಾತಿನ ಕಮಿಷನ್ನಿನಿಂದ. ಒಂದು ವರ್ಷ ಕೆರೆ ಏರಿಯ ದುರಸ್ತಿಯಲ್ಲಿ ಮೋಸ ಆಗಿದ್ದು ನನಗೆ ಸಿಕ್ಕಿತು. ಎಷ್ಟು ಕೆಲಸ ಆಯಿತು ಅಂತ ಇಲಾಖೆಯವರು ಬರೆದಿಡುವ ಅಳತೆ ಪುಸ್ತಕದ ನಕಲೂ ಕೈಗೆ ಬಂತು. ರಾಜ್ಯೋತ್ಸವದ ಪುರವಣಿಗೆ ಅರ್ಧ ಪುಟ ಜಾಹೀರಾತು ಕೊಟ್ಟಿದ್ದವನೇ ಆ ಗುತ್ತಿಗೆದಾರ. ಫೋನ್ ಮಾಡಿದಾಗ ಆಫೀಸಿನವರು ಬೇಡ ಅಂತ ಹೇಳಲಿಲ್ಲ. ಸುದ್ದಿ ಕಳಿಸುತ್ತೀಯೋ, ಜಾಹೀರಾತು ಕಳಿಸುತ್ತೀಯೋ ನೀನೇ ನೋಡು ಎಂದರು. ಮನೆಯಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ನಾನು ಜಾಹೀರಾತು ಕಳಿಸಿದೆ. ಮುಂದಿನ ಮಳೆಗೆ ಏರಿ ಒಡೆದು ಕೆಳಗಿನ ಗದ್ದೆಗಳಲ್ಲಿ ಮೊಣಕಾಲುದ್ದ ಮಣ್ಣು ಕೂತಿತು. ಆ ಗದ್ದೆಯವರು ಈಗಲೂ ಸಂತೆಯಲ್ಲಿ ಸಿಗುತ್ತಾರೆ, ಚೆನ್ನಾಗಿಯೇ ಮಾತಾಡಿಸುತ್ತಾರೆ. ಅವರಿಗೆ ಇದು ಗೊತ್ತಿಲ್ಲ. ಈಗ ಗೊತ್ತಾಗಲಿ.

ಅಲ್ಲಿ ಸೆನ್ಸಾರ್ ಇರಲಿಲ್ಲ, ಪೊಲೀಸರೂ ಬರಲಿಲ್ಲ. 180 ದೇಶಗಳ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ ಭಾರತ 2024ರಲ್ಲಿ 159ನೇ ಜಾಗದಲ್ಲಿತ್ತು, 2025ರಲ್ಲಿ 151ಕ್ಕೆ ಬಂತು. ಅದರ ಬಗ್ಗೆ ದೊಡ್ಡ ದೊಡ್ಡ ಚರ್ಚೆ ಆಗುತ್ತದೆ. ತಾಲ್ಲೂಕಿನಲ್ಲಿ ಕಮಿಷನ್ ನಂಬಿ ಬದುಕುವ ವರದಿಗಾರ ಹರಿದು ಹಾಕಿದ ಸುದ್ದಿ ಯಾವ ಪಟ್ಟಿಗೂ ಸೇರುವುದಿಲ್ಲ. ಪತ್ರಕರ್ತರಿಗೆ ಅಂತ 1955ರಲ್ಲೇ ಕಾಯ್ದೆ ಆಯಿತು. ಪತ್ರಕರ್ತರ ಸಂಬಳ ಎಷ್ಟಿರಬೇಕು ಅಂತ ಹೇಳಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಕೆರೆ, ರಸ್ತೆ, ಹಾಸ್ಟೆಲ್ಲು, ಪಡಿತರ ಅಂತ ನಿಮ್ಮ ಸುದ್ದಿಯನ್ನೆಲ್ಲ ಬರೆಯುವ ಬಿಡಿ ವರದಿಗಾರರಿಗೆ ಅದರಿಂದ ಸಿಕ್ಕಿದ್ದು ಏನೂ ಇಲ್ಲ. ಅವರು ಈಗಲೂ ಮುಖಂಡರ ಹುಟ್ಟುಹಬ್ಬದ ಜಾಹೀರಾತು ಕೇಳಿಕೊಂಡು ಮನೆ ಮನೆ ತಿರುಗುತ್ತಾರೆ. ನಮ್ಮಲ್ಲಿ ಎರಡು ವರ್ಷ ಇದ್ದ ಅರಸೀಕೆರೆಯ ಹುಡುಗಿಯೊಬ್ಬಳು ತಾಲ್ಲೂಕು ಕಚೇರಿಯ ಕಡತವನ್ನು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅವಳಿಗೆ ಕೊಡಬೇಕಾದ ಸಂಬಳ ನಮ್ಮಿಂದ ಕೊಡಲಾಗಲಿಲ್ಲ. ಬೆಂಗಳೂರಿನಲ್ಲಿ ಈಗ ಯಾವುದೋ ಕಂಪನಿಗೆ ಜಾಹೀರಾತು ಬರೆಯುತ್ತಾಳೆ. ಅವಳು ಹೋದ ಮೇಲೆ ಆ ತಾಲ್ಲೂಕಿನಲ್ಲಿ ಕಡತ ಓದುವವರು ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ. ಟಿವಿಯಲ್ಲಿ ರಾತ್ರಿ ಎಂಟು ಗಂಟೆಗೆ ಕಿರುಚುವವರಿಗೆ ದುಡ್ಡಿದೆ, ಊರಿನ ಕಡತ ಓದುವವಳಿಗೆ ಇಲ್ಲ.

ಬರೆದೇ ಬರೆದವರಿಗೆ ಏನಾಯಿತು ಅಂತಲೂ ನೋಡಿ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಛತ್ತೀಸ್‌ಗಢದ ಬಸ್ತರ್‌ನಲ್ಲಿ ಮುಕೇಶ್ ಚಂದ್ರಾಕರ್ ಅಂತ ಇದ್ದರು. ನೀವು ಹೇಳುವ ಹಾಗೆ ಕೈಯಲ್ಲಿ ಫೋನ್ ಹಿಡಿದ ಪತ್ರಕರ್ತ, ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ಅವರು ಹೊರಗೆ ತಂದಿದ್ದು ಒಂದು ಕಳಪೆ ರಸ್ತೆಯ ಸುದ್ದಿ. 2025ರ ಜನವರಿಯಲ್ಲಿ ಅವರ ಶವ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಪ್ರಕರಣದಲ್ಲಿ ಒಬ್ಬ ಗುತ್ತಿಗೆದಾರನ ಬಂಧನವಾಯಿತು. ಅದೂ ಒಂದು ರಸ್ತೆ, ನಿಮ್ಮೂರಿನದೂ ಒಂದು ರಸ್ತೆ. ಒಂಟಿಯಾಗಿ ಫೋನ್ ಹಿಡಿದು ನಿಲ್ಲುವವರ ಹಿಂದೆ ಒಂದು ಪತ್ರಿಕೆ, ಒಬ್ಬ ವಕೀಲರು, ನಾಲ್ಕು ಸಾವಿರ ಓದುಗರು ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ನಿಮ್ಮ 10 ರೂಪಾಯಿ. ಬೆಲೆಗೂ ಸ್ವಾತಂತ್ರ್ಯಕ್ಕೂ ಏನು ಸಂಬಂಧ ಎಂದಿರಿ. ಸಂಬಂಧ ಇದೆ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಇಷ್ಟು ಪುಟಕ್ಕೆ ಇಷ್ಟೇ ಬೆಲೆ ಅಂತ ಕೇಂದ್ರ ಸರ್ಕಾರ 1960ರಲ್ಲಿ ಆದೇಶ ಹೊರಡಿಸಿತ್ತು. ಪುಣೆಯ ಸಕಾಳ್ ಪತ್ರಿಕೆಯವರು ಕೋರ್ಟಿಗೆ ಹೋದರು. 1961ರಲ್ಲಿ ಕೋರ್ಟ್ ಆ ಆದೇಶವನ್ನು ಹೊಡೆದುಹಾಕಿತು. ಪತ್ರಿಕೆ ಎಷ್ಟು ಜನರಿಗೆ ತಲುಪುತ್ತದೆ ಎನ್ನುವುದೂ ಮಾತಿನ ಸ್ವಾತಂತ್ರ್ಯವೇ, ಬೆಲೆ ಮತ್ತು ಪುಟಕ್ಕೆ ಕೈ ಹಾಕಿದರೆ ಅದಕ್ಕೇ ಕೈ ಹಾಕಿದ ಹಾಗೆ ಎನ್ನುವುದು ಆ ತೀರ್ಪಿನ ಸಾರ. ನಮ್ಮ ಲೆಕ್ಕ ಅದಕ್ಕಿಂತ ಸುಲಭ. ಆ 10 ರೂಪಾಯಿ ನೀವು ಕೊಟ್ಟರೆ ನಾನು ಗುತ್ತಿಗೆದಾರನ ಅರ್ಧ ಪುಟ ಕೇಳಬೇಕಾಗಿಲ್ಲ. ಅಜ್ಜಿಯ ಪ್ರಶ್ನೆಗೆ ನಿಮ್ಮ ಹೆಸರು ಹೇಳಬಹುದು. ಡ್ರಾಯರಿನಲ್ಲಿರುವ ಹೆಸರನ್ನೇ. ತಿಂಗಳಿಗೆ ಒಂದು ಮಸಾಲೆ ದೋಸೆಯ ದುಡ್ಡೂ ಅಲ್ಲ ಅದು, ಕೊಡಿ ಸಾರ್.

ರಸ್ತೆಯ ವಿಷಯ. ಹೋದ ಸೋಮವಾರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ, ನನ್ನ ಹೆಸರಿನಲ್ಲಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು ಅಂತ ನಮ್ಮ ರಾಜ್ಯದಲ್ಲಿ ನಿಯಮ ಇದೆ. ಅದಕ್ಕೇ ಎರಡು ಅರ್ಜಿ, ಒಂದೊಂದಕ್ಕೂ 10 ರೂಪಾಯಿಯ ಪೋಸ್ಟಲ್ ಆರ್ಡರ್. ಒಂದರಲ್ಲಿ ಬಿಲ್ಲಿನ ನಕಲು, ಇನ್ನೊಂದರಲ್ಲಿ ಅಳತೆ ಪುಸ್ತಕ ಕೇಳಿದ್ದೇವೆ. ಉತ್ತರಕ್ಕೆ 30 ದಿನದ ಗಡುವು. ಗುತ್ತಿಗೆದಾರನ ವಿವರ ವೈಯಕ್ತಿಕ ಮಾಹಿತಿ, ಕೊಡುವುದಿಲ್ಲ ಎಂದರೂ ಅನ್ನಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕು ಎನ್ನುವ ಮಾತು ಮೊದಲು 8(1)(ಜೆ) ಕಲಮಿನಲ್ಲೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹೆಚ್ಚುಕಡಿಮೆ ಅದೇ ಮಾತು ಹೇಳುವ 8(2) ಕಲಂ ಇನ್ನೂ ಇದೆ. ಅದನ್ನು ಹಿಡಿದು ಮೇಲ್ಮನವಿ ಹಾಕುತ್ತೇವೆ.

ಅಷ್ಟರೊಳಗೆ ನೀವು ಒಂದು ಕೆಲಸ ಮಾಡಿ. ಮಳೆ ಹಿಡಿಯುವ ಮುಂಚೆ ರಸ್ತೆಯ ಫೋಟೋ ತೆಗೆದಿಡಿ, ಊರಿನ ಕೈಮರ ಕಾಣುವ ಹಾಗೆ. ಗ್ರೂಪಿಗೆ ಹಾಕಬೇಡಿ. ಪ್ರಿಂಟ್ ಹಾಕಿಸಿ ಕವರಿನಲ್ಲಿಟ್ಟು ನನಗೆ ಕಳಿಸಿ. ಕವರಿನ ಹಿಂದೆ ನಿಮ್ಮ ಹೆಸರು ಬರೆಯಬೇಕಾಗಿಲ್ಲ, ಅಕ್ಷರ ನೋಡಿದರೆ ನನಗೆ ಗೊತ್ತಾಗುತ್ತದೆ.

– ಸಂ.