ಓಕಿನಾವಾಕ್ಕೆ ಹೊರಟವರ ಚೀಲ

ಪ್ರಶ್ನೆ: ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಎಂಟು ವರ್ಷಗಳಿಂದ ಗೊಜು-ರ್ಯು ಶೈಲಿಯ ಕರಾಟೆ ಕಲಿಯುತ್ತಿದ್ದು, ಈಗ ಬ್ರೌನ್ ಬೆಲ್ಟ್‌ನಲ್ಲಿದ್ದಾಳೆ. ಜೂನ್ ಮೊದಲ ವಾರದಲ್ಲಿ ತನ್ನ ಮಾಸ್ಟರ್ ಜೊತೆ ಜಪಾನಿನ ಓಕಿನಾವಾಕ್ಕೆ ಮೂರು ವಾರಗಳ ತರಬೇತಿಗೆ ಹೊರಟಿದ್ದಾಳೆ. ಹೊಸ ಕರಾಟೆ ಡ್ರೆಸ್, ಬೋ ಕೋಲು, ಗ್ಲೌಸ್ ಎಲ್ಲವನ್ನೂ ಇಲ್ಲಿಯೇ ಕೊಳ್ಳಬೇಕೆಂದು ಪಟ್ಟಿ ಮಾಡಿದ್ದಾಳೆ. ಲಗೇಜು 23 ಕೆ.ಜಿ. ಮೀರುವಂತಿಲ್ಲ. ಯಾವುದನ್ನು ಇಲ್ಲಿ ಕೊಳ್ಳಬೇಕು, ಯಾವುದನ್ನು ಅಲ್ಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಮೊದಲು ಆ ಪಟ್ಟಿಯಿಂದ ಬೋ ಕೋಲನ್ನು ತೆಗೆದುಬಿಡಿ. ಆರು ಶಾಕು, ಅಂದರೆ ಸುಮಾರು 182 ಸೆಂ.ಮೀ. ಉದ್ದದ ಆ ಕೋಲನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯಲು ಬಿಡುವುದಿಲ್ಲ. ಲಗೇಜಿಗೆ ಹಾಕೋಣವೆಂದರೆ, ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಮೀರಿದ ಸಾಮಾನಿಗೆ ಹೆಚ್ಚಿನ ವಿಮಾನ ಸಂಸ್ಥೆಗಳು ಬೇರೆ ಹಣ ಕೇಳುತ್ತವೆ. ಆಕೆ ಹೋಗುವ ದೋಜೊದಲ್ಲಿ, ಅಂದರೆ ಕರಾಟೆ ಶಾಲೆಯಲ್ಲಿ, ಅಭ್ಯಾಸದ ಕೋಲು ಸಿಗುವುದೇ ಎಂದು ಮಾಸ್ಟರ್ ಮುಂಚೆಯೇ ಬರೆದು ಕೇಳಲಿ. ಚಿ-ಇಶಿ ಎಂಬ ಕಲ್ಲಿನ ಭಾರ, ಬೆರಳುಗಳಿಂದ ಹಿಡಿದೆತ್ತುವ ನಿಗಿರಿ-ಗಾಮೆ ಗಡಿಗೆ ಮುಂತಾದವು ಗೊಜು-ರ್ಯು ದೋಜೊದ ಸಾಮಾನುಗಳೇ ಆಗಿರುವುದರಿಂದ ಅವುಗಳ ಚಿಂತೆ ಬೇಡ.

ಡ್ರೆಸ್‌ನ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಪ್ರಯಾಣಕ್ಕೆಂದೇ ಹೊಸದನ್ನು ಕೊಂಡು ನೇರವಾಗಿ ಚೀಲಕ್ಕೆ ಹಾಕಬಾರದು. ದಪ್ಪ ಹತ್ತಿಬಟ್ಟೆ ನೀರು ಕಂಡಾಗ ಕುಗ್ಗುತ್ತದೆ. ಅಂಗಡಿಯಲ್ಲಿ ಮಣಿಕಟ್ಟಿನವರೆಗಿದ್ದ ತೋಳು ಮೂರು ಸಲ ಒಗೆಯುವಷ್ಟರಲ್ಲಿ ಮೂರು ಬೆರಳು ಮೇಲೇರಿ ನಿಂತದ್ದನ್ನೂ, ಗಂಜಿ ಹೋಗದ ಕಾಲರ್ ಉಜ್ಜಿ ಕುತ್ತಿಗೆಯ ಮೇಲೆ ಕೆಂಪು ಗೆರೆ ಎದ್ದದ್ದನ್ನೂ ನನ್ನ ಶಿಷ್ಯರಲ್ಲಿ ಎಷ್ಟೋ ಬಾರಿ ನೋಡಿದ್ದೇನೆ. ಕೊಳ್ಳಲೇಬೇಕಿದ್ದರೆ ಈಗಲೇ ಕೊಂಡು, ತಣ್ಣೀರಿನಲ್ಲಿ ಮತ್ತೆ ಮತ್ತೆ ಒಗೆದು, ಹೊರಡುವ ಮೊದಲು ಒಂದು ತಿಂಗಳಾದರೂ ಅದನ್ನೇ ತೊಟ್ಟು ಅಭ್ಯಾಸ ಮಾಡಲಿ.

ಓಕಿನಾವಾದಲ್ಲಿ ಮೇ ತಿಂಗಳಿನಿಂದ ಜೂನ್ ಮೂರನೆಯ ವಾರದವರೆಗೆ ಹೆಚ್ಚುಕಡಿಮೆ ಮಳೆಗಾಲ. ಮೈಸೂರಿನ ಆಷಾಢದಲ್ಲಿ ಹಗ್ಗದ ಮೇಲೆ ಹಾಕಿದ ಬಟ್ಟೆ ಸಂಜೆಯಾದರೂ ತಣ್ಣಗೇ ಇರುತ್ತದಲ್ಲವೇ, ಅಲ್ಲಿ ಅದರೊಂದಿಗೆ ಸೆಕೆಯೂ ಸೇರಿಕೊಳ್ಳುತ್ತದೆ. ಪಂದ್ಯಗಳಲ್ಲಿ ಕಾಟಾ, ಅಂದರೆ ಹೊಡೆತ-ತಡೆಗಳ ನಿಗದಿತ ಸರಣಿ, ಮಾಡುವವರು ಇಷ್ಟಪಡುವ, ಚದರ ಗಜಕ್ಕೆ 12 ಔನ್ಸ್ ತೂಗುವ ದಪ್ಪ ಬಟ್ಟೆ ಒಮ್ಮೆ ಬೆವರಿನಲ್ಲಿ ನೆನೆದರೆ ಮರುದಿನ ಬೆಳಿಗ್ಗೆಗೆ ಒಣಗುವ ಭರವಸೆಯಿಲ್ಲ. ಆದ್ದರಿಂದ 8 ಔನ್ಸ್‌ನ ಹಗುರವಾದ ಎರಡು ಜೊತೆ ಇರಲಿ, ಮೂರನೆಯದಾಗಿ ಈಗ ತೊಡುತ್ತಿರುವ ಹಳೆಯದೇ ಸಾಕು. ಎಲ್ಲವೂ ಅಚ್ಚ ಬಿಳಿಯಾಗಿರಲಿ. ಪಂದ್ಯಾವಳಿಗಳ ಬ್ಯಾಡ್ಜುಗಳಿದ್ದರೆ ಬಿಚ್ಚಿಬಿಡಿ. ಅತಿಥಿಯಾಗಿ ಹೋದವರಿಗೆ ಅದೇ ಶೋಭೆ.

ಒಮ್ಮೆ ನನ್ನ ಲಗೇಜು ಎರಡು ದಿನ ತಡವಾಗಿ ಬಂದು, ಸಾಲ ಪಡೆದ ಡ್ರೆಸ್‌ನ ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಹಿರಿಯ ಗುರುಗಳ ಮುಂದೆ ನಿಲ್ಲಬೇಕಾಯಿತು. ಆ ಸಂಕೋಚ ಇಂದಿಗೂ ಮನಸ್ಸಿನಲ್ಲಿದೆ. ಒಂದು ಜೊತೆ ಡ್ರೆಸ್, ಬೆಲ್ಟ್ ಮತ್ತು ಮೌತ್ ಗಾರ್ಡ್ ಕೈಚೀಲದಲ್ಲೇ ಇರಲಿ. ಮೌತ್ ಗಾರ್ಡನ್ನು ಮಾತ್ರ ದಂತವೈದ್ಯರ ಬಳಿ ಅಚ್ಚು ತೆಗೆಸಿ ಮಾಡಿಸಿ, ಅದಕ್ಕೆ ಮಾಡುವ ಖರ್ಚು ದಂಡವಲ್ಲ. ಗ್ಲೌಸ್ ಮತ್ತು ಶಿನ್ ಗಾರ್ಡ್ ಹಳೆಯವೇ ಸಾಕು. ಮರದ ನೆಲದ ಮೇಲೆ ಬರಿಗಾಲಿನಲ್ಲಿ ದಿನವೂ ತಿರುಗುವಾಗ ಹೆಬ್ಬೆರಳ ಬುಡ ಬಿರಿಯುತ್ತದೆ. ಅಂಟುಪಟ್ಟಿಯ ಎರಡು ಸುರುಳಿ ಮರೆಯಬೇಡಿ.

ಔಷಧಗಳ ವಿಚಾರದಲ್ಲಿ ವಿಶೇಷ ಎಚ್ಚರ ಬೇಕು. ಶೇ. 10ಕ್ಕಿಂತ ಹೆಚ್ಚು ಸೂಡೊಎಫೆಡ್ರಿನ್ ಇರುವ ಔಷಧವನ್ನು ಜಪಾನಿನೊಳಗೆ ಒಯ್ಯುವುದು ನಿಷಿದ್ಧ. ನೆಗಡಿ ಮಾತ್ರೆಗಳಲ್ಲಿ ಈ ಅಂಶ ಇರಬಹುದಾದ್ದರಿಂದ ಪ್ರತಿಯೊಂದು ಹಾಳೆಯನ್ನೂ ವೈದ್ಯರಿಗೆ ತೋರಿಸಿಯೇ ಕಟ್ಟಿ. ಅಲ್ಲಿಯ ವಿದ್ಯುತ್ತು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಒಂದು ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಹೊರಡುವಾಗ ಚೀಲ 15 ಕೆ.ಜಿ. ದಾಟದಿದ್ದರೆ ಬರುವಾಗ ಒಂದು ಒಳ್ಳೆಯ ಡ್ರೆಸ್‌ಗೆ ಜಾಗವಿರುತ್ತದೆ. ಓಕಿನಾವಾದ ನಾಹಾ ನಗರದಲ್ಲಿ ಕರಾಟೆ ಡ್ರೆಸ್ ಹೊಲಿಯುವ ಹೆಸರಾಂತ ಅಂಗಡಿಗಳಿವೆ. ಹೆಸರಿನ ಕಸೂತಿ ಬೇಕಿದ್ದರೆ ಮೊದಲ ವಾರದಲ್ಲೇ ಹೇಳಿಬಿಡಲಿ. ಜಪಾನಿನ ಅಳತೆಯಲ್ಲಿ 4 ಎಂದರೆ ಸುಮಾರು 170 ಸೆಂ.ಮೀ. ಎತ್ತರದವರಿಗೆ, ಅದನ್ನಷ್ಟೇ ನಂಬದೆ, ಚೆನ್ನಾಗಿ ಒಗ್ಗಿರುವ ಹಳೆಯ ಡ್ರೆಸ್‌ನ ತೋಳು, ಭುಜ, ಪ್ಯಾಂಟಿನ ಉದ್ದವನ್ನು ದರ್ಜಿಯ ಟೇಪಿನಿಂದ ಅಳೆದು ಒಂದು ಚೀಟಿಯಲ್ಲಿ ಬರೆದುಕೊಡಿ.