ಹಾಸನದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಗಲು ಅಷ್ಟು ತಡವೇಕೆ?

ಹಾಸನಕ್ಕೆ ವರ್ಗವಾಗಿ ಬಂದ ನೌಕರರು ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿ ಅಷ್ಟು ದಿನ ಕಾಯಬೇಕೇಕೆ ಎಂದು ಕೇಳಿದ್ದೀರಿ. ಕಾರಣ ಸರಳ: ಹೊರಗಿನ ಬಾಡಿಗೆಗಿಂತ ಕ್ವಾರ್ಟರ್ಸ್ ತುಂಬಾ ಅಗ್ಗ. ಹಾಗಾಗಿ ಬೇಕು ಅನ್ನೋರು ಜಾಸ್ತಿ, ಒಳಗಿದ್ದವರು ಬೇಗ ಬಿಡುವುದೂ ಇಲ್ಲ.

ಲೆಕ್ಕ ನೋಡಿ. 5 ಲಕ್ಷಕ್ಕಿಂತ ಕಡಿಮೆ ಜನ ಇರುವ ಊರುಗಳಲ್ಲಿ ರಾಜ್ಯ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಹಾಸನ ಈ ಸಾಲಿಗೇ ಬರುತ್ತದೆ, ಪಕ್ಕದ ಚಿಕ್ಕಮಗಳೂರೂ ಅಷ್ಟೇ. ಮೂಲ ವೇತನ 40,000 ರೂಪಾಯಿ ಇದ್ದರೆ ಭತ್ಯೆ 3,000. ಕ್ವಾರ್ಟರ್ಸ್ ಸಿಕ್ಕರೆ ಆ ಭತ್ಯೆ ನಿಲ್ಲುತ್ತದೆ, ನಿಮಗಾಗುವ ಮುಖ್ಯ ಖರ್ಚು ಅದೇ. ಅದೇ 3,000ಕ್ಕೆ ವಿದ್ಯಾನಗರದಲ್ಲಿ ಎರಡು ರೂಮಿನ ಮನೆ ಕೇಳಿ ನೋಡಿ, ಮಾಲೀಕರು ನಕ್ಕು ಕಳಿಸುತ್ತಾರೆ. ಅಡ್ವಾನ್ಸ್ ಮಾತು ಬೇರೆ.

ಇನ್ನು ಮನೆ ಖಾಲಿಯಾಗುವುದು ಯಾರಾದರೂ ವರ್ಗವಾದಾಗ ಇಲ್ಲವೇ ನಿವೃತ್ತರಾದಾಗ ಮಾತ್ರ. ವರ್ಗವಾದವರೂ ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಅವಧಿ ಕೇಳಿಕೊಳ್ಳುತ್ತಾರೆ. ತಪ್ಪೇನಲ್ಲ ಬಿಡಿ, ನಾವಾದರೂ ಅದನ್ನೇ ಮಾಡುತ್ತಿದ್ದೆವು.

ಬೀಗ ಹಾಕಿ, ಅಂಗಳದಲ್ಲಿ ಕಳೆ ಬೆಳೆದ ಮನೆಗಳೂ ಕಣ್ಣಿಗೆ ಬೀಳುತ್ತವಲ್ವಾ? ಕೆಲವು ಸೋರುವ ಚಾವಣಿಯ ರಿಪೇರಿಗೆ ಕಾದಿರುತ್ತವೆ. ಇನ್ನು ಕೆಲವು ನಿಮ್ಮ ಸಾಲಿನವೇ ಆಗಿರುವುದಿಲ್ಲ. ಪೊಲೀಸ್ ವಸತಿಗೃಹ ಪೊಲೀಸರಿಗೇ. ಉಳಿದವನ್ನು ಹುದ್ದೆ, ವೇತನ ನೋಡಿ ಹಂಚುತ್ತಾರೆ. ಹಾಗಾಗಿ ಅರ್ಜಿ ಹಾಕಿ ಸುಮ್ನೆ ಕೂರಬೇಡಿ. ಸಾಮಾನ್ಯ ವರ್ಗಾವಣೆ ಮುಗಿದ ಮೇಲೆ ಹೋಗಿ, ನಿಮ್ಮ ದರ್ಜೆಯ ಪಟ್ಟಿಯಲ್ಲಿ ಎಷ್ಟನೆಯವರು ಎಂದು ವಿಚಾರಿಸಿ.